ಇನಾನಾಳನ್ನು ಇಡಿಯಾಗಿ ಓದಿಸುವ ಆಕ್ಸ್‌ಫರ್ಡ್‌ ಪಠ್ಯಸಂಗ್ರಹ

ಪ್ರೇಮ, ಫಲವಂತಿಕೆ, ಯುದ್ಧ ಈ ಮೂರಕ್ಕೂ ಒಡತಿಯಾದ, ಪ್ರಾಚೀನ ಮೆಸಪೊಟೇಮಿಯಾದ (ಇಂದಿನ ಇರಾಕಿನ) ಸುಮೇರಿಯನ್ ದೇವತೆ ಇನಾನಾಳ ಕುರಿತ ಜನಪ್ರಿಯ ಬರಹಗಳು ಸಾಮಾನ್ಯವಾಗಿ ಆಕೆಯ ಶೃಂಗಾರವನ್ನು ಮೆರೆಸಿ, ಯುದ್ಧವನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆಕೆಯನ್ನು ಇಡಿಯಾಗಿ ಕಾಣಬಯಸುವವರಿಗೆ ನಾನು ಸೂಚಿಸುವುದು ಆಕ್ಸ್‌ಫರ್ಡ್‌ ವಿಶ್ವವಿದ್ಯಾಲಯದ ಸುಮೇರಿಯನ್ ಸಾಹಿತ್ಯದ ವಿದ್ಯುನ್ಮಾನ ಪಠ್ಯಸಂಗ್ರಹವನ್ನು, ಅಂದರೆ ಇಟಿಸಿಎಸ್‌ಎಲ್ ಜಾಲತಾಣವನ್ನು. ಸುಮಾರು 400 ಕೃತಿಗಳ ಲಿಪ್ಯಂತರವೂ (ಮೂಲ ಸುಮೇರಿಯನ್ ಪಠ್ಯ ರೋಮನ್ ಅಕ್ಷರಗಳಲ್ಲಿ) ಇಂಗ್ಲಿಷ್ ಗದ್ಯಾನುವಾದವೂ ಇಲ್ಲಿ ಉಚಿತವಾಗಿ ಲಭ್ಯವಿವೆ.

ಈ ತಾಣದ ದೊಡ್ಡ ಗುಣವೆಂದರೆ ಪ್ರಾಮಾಣಿಕತೆ. ಮಣ್ಣಿನ ಫಲಕ ಒಡೆದು ಸಾಲುಗಳು ಕಳೆದುಹೋಗಿರುವಲ್ಲಿ ಅನುವಾದವೂ ನಿಲ್ಲುತ್ತದೆ. ಕಥೆಯ ಓಟಕ್ಕಾಗಿ ಯಾರೂ ಅಲ್ಲಿ ಹೊಸ ಸಾಲು ಹೊಸೆದಿಲ್ಲ. ಇನಾನಾ ಪಾತಾಳಕ್ಕಿಳಿಯುವ ಕಾವ್ಯದಲ್ಲಿ ಏಳು ದ್ವಾರಗಳಲ್ಲಿ ಒಂದೊಂದಾಗಿ ಆಕೆಯ ಪೇಟ, ವೈಡೂರ್ಯದ ಮಣಿ, ಚಿನ್ನದ ಉಂಗುರ, ಅಳತೆಗೋಲು, ಕಡೆಗೆ ಮೈಮೇಲಿನ ವಸ್ತ್ರವನ್ನೂ ಕಳಚಿಸುವಾಗ, ಪ್ರತಿ ಬಾರಿಯೂ ಅದೇ ಪ್ರಶ್ನೆ, ಅದೇ ಉತ್ತರವನ್ನು ಪೂರ್ತಿಯಾಗಿಯೇ ಕೊಟ್ಟಿದ್ದಾರೆ. ಸಂಗ್ರಹಾನುವಾದಗಳು ಕತ್ತರಿಸಿ ಬಿಸಾಡುವ ಭಾಗವೇ ಇದು. ಓದುತ್ತ ಹೋದಂತೆ ದಿಗಿಲು ಹುಟ್ಟಿಸುವುದೂ ಇದೇ. ಪಾತಾಳದಲ್ಲಿ ಕೊಕ್ಕೆಗೆ ನೇತುಹಾಕಲ್ಪಟ್ಟ ಹೆಣವಾದ ಆಕೆಯನ್ನು ಬದುಕಿಸಲು ಜ್ಞಾನದ ದೇವ ಎಂಕಿ ತನ್ನ ಉಗುರಿನ ಕೊಳೆಯಿಂದ ಇಬ್ಬರನ್ನು ಸೃಷ್ಟಿಸುತ್ತಾನೆ. ಮರಳಿ ಬಂದವಳು ತನ್ನ ಬದಲಿಗೆ ಒಬ್ಬರನ್ನು ಪಾತಾಳಕ್ಕೆ ಒಪ್ಪಿಸಬೇಕು. ತನಗಾಗಿ ಗೋಳಿಟ್ಟ ಸೇವಕಿ ನಿನ್‌ಶುಬುರಳನ್ನು ಕೊಡಲು ಆಕೆಗೆ ಮನಸ್ಸಿಲ್ಲ. ಉಡುಪು ತೊಟ್ಟು ಸಿಂಹಾಸನದಲ್ಲಿ ನೆಮ್ಮದಿಯಾಗಿ ಕುಳಿತಿದ್ದ ಗಂಡ ಡುಮುಜಿಯನ್ನು ಮಾತ್ರ ಹಿಂದುಮುಂದು ನೋಡದೆ ಕೊಟ್ಟುಬಿಡುತ್ತಾಳೆ. (ಆತನ ಮೇಲೆ ನನಗೇನೂ ಕನಿಕರ ಹುಟ್ಟಲಿಲ್ಲ.)

ಪ್ರೇಮಗೀತೆಗಳೂ ಧಾರಾಳವಾಗಿವೆ. ಕುರುಬ ಡುಮುಜಿ ಮತ್ತು ರೈತ ಎಂಕಿಮ್ಡು ಇಬ್ಬರಲ್ಲಿ ಆಕೆಗೆ ಮೊದಲು ಒಲವಿದ್ದದ್ದು ರೈತನ ಮೇಲೆ ಎಂಬುದು ಇಲ್ಲಿ ಓದಿದಾಗಲೇ ತಿಳಿಯುತ್ತದೆ. ಅಕ್ಕಾಡಿನ ದೊರೆ ಸಾರ್ಗೋನನ ಮಗಳು, ಊರ್ ನಗರದ ಪ್ರಧಾನ ಅರ್ಚಕಿ ಎನ್‌ಹೆದುಅನ್ನಾಳ ಹೆಸರಿನಲ್ಲಿರುವ ಸ್ತೋತ್ರವೂ ಇದೆ.

ಕೊರತೆಗಳೂ ಕಡಿಮೆಯಿಲ್ಲ. 1997ರಲ್ಲಿ ಆರಂಭವಾದ ಯೋಜನೆಗೆ ಅನುದಾನ 2006ರಲ್ಲಿ ನಿಂತಿತು. ಆಮೇಲಿನ ಸಂಶೋಧನೆಯನ್ನು ಇಲ್ಲಿ ನಿರೀಕ್ಷಿಸುವಂತಿಲ್ಲ. ತಾಣದ ರೂಪ ಆ ಕಾಲದ್ದೇ. ಹೊಸಬರಿಗೆ, ಕೃತಿಗಳಿಗೆ ಕೊಟ್ಟ ಸಂಖ್ಯೆಗಳ ಪಟ್ಟಿ ಮೊದಲ ನೋಟಕ್ಕೆ ಸರ್ಕಾರಿ ಕಡತದ ಸೂಚಿಯಂತೆ ಕಾಣುತ್ತದೆ. ಇನಾನಾಳ ಕಥನಕಾವ್ಯಗಳು 1.3ರಲ್ಲಿಯೂ ಪಾತಾಳಯಾನ 1.4.1ರಲ್ಲಿಯೂ ಸ್ತುತಿಗಳು 4.07ರಲ್ಲಿಯೂ ಡುಮುಜಿಯೊಂದಿಗಿನ ಹಾಡುಗಳು 4.08ರಲ್ಲಿಯೂ ಇವೆ ಎಂಬುದನ್ನು ಗುರುತುಹಾಕಿಕೊಂಡರೆ ಹುಡುಕಾಟ ತಪ್ಪುತ್ತದೆ. ಲಿಪ್ಯಂತರವನ್ನೂ ಅನುವಾದವನ್ನೂ ಅಕ್ಕಪಕ್ಕ ಇಟ್ಟು ನೋಡಬಯಸುವವರು ಮೊಬೈಲ್ ಬಿಟ್ಟು ಕಂಪ್ಯೂಟರಿನಲ್ಲಿ ಓದುವುದು ಒಳ್ಳೆಯದು.

ಪಾತಾಳಯಾನದಿಂದಲೇ ಶುರುಮಾಡಬೇಕೆಂಬ ರೂಢಿಯನ್ನು ನಾನು ಒಪ್ಪುವುದಿಲ್ಲ. ಮೊದಲು 1.3.2 ತೆರೆಯಿರಿ. ತನಗೆ ತಲೆಬಾಗಲಿಲ್ಲವೆಂಬ ಒಂದೇ ಕಾರಣಕ್ಕೆ ಎಬಿಹ್ ಪರ್ವತದ ಮೇಲೆ ದಂಡೆತ್ತಿಹೋಗುವ ಇನಾನಾ, ಆಕಾಶದೇವ ಆನ್‌ನ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ, ಕಠಾರಿಯ ಎರಡೂ ಅಂಚನ್ನು ಮಸೆದು ಹುಲ್ಲು ಕೀಳುವವಳಂತೆ ಬೆಟ್ಟದ ಕುತ್ತಿಗೆಗೆ ಕೈಹಾಕುತ್ತಾಳೆ.