ಕಯಾಕ್‌ನಿಂದ ಏಡಿ, ಸಿಗಡಿ: ರಿಂಗ್ ಬಲೆಯೋ, ಬೀಸುಬಲೆಯೋ?

ಸೀತಾ ನದಿಯ ಹಿನ್ನೀರಲ್ಲೋ ಅಘನಾಶಿನಿ ಅಳಿವೆಯಲ್ಲೋ ಕಯಾಕ್ (ಹುಟ್ಟು ಹಾಕುವ ಕಿರಿದಾದ ಪುಟ್ಟ ದೋಣಿ) ಇಳಿಸುತ್ತೀರಾ? ಏಡಿ ಬೇಕಿದ್ದರೆ ಯೋಚನೆಯೇ ಬೇಡ, ರಿಂಗ್ ಬಲೆ ತಗೊಳ್ಳಿ.

ಕಬ್ಬಿಣದ ಬಳೆಗೆ ಕಟ್ಟಿದ ಬಲೆ, ನಡುವೆ ಮೀನಿನ ತಲೆ, ಮೇಲೆ ಹಗ್ಗ, ತುದಿಗೊಂದು ತೇಲುವ ಬೆಂಡು. ಇಷ್ಟೇ. ಕೂತಲ್ಲಿಂದಲೇ ಇಳಿಸಬಹುದು. ತಳ ಮುಟ್ಟಿದಾಗ ಬಲೆ ಚಪ್ಪಟೆಯಾಗಿ ಹರಡುತ್ತದೆ, ಏಡಿ ನಡೆದುಕೊಂಡೇ ಬರುತ್ತದೆ. ಹತ್ತು ಹದಿನೈದು ನಿಮಿಷ ಬಿಟ್ಟು ಎತ್ತಿ. ಎತ್ತುವಾಗ ಕೈ ನಿಲ್ಲಬಾರದು. ಹಗ್ಗ ಒಂದು ಕ್ಷಣ ಸಡಿಲವಾದರೂ ಏಡಿ ಬಳೆ ದಾಟಿ ಜಾರುತ್ತದೆ. ಉಬ್ಬರ ಏರುವ ಹೊತ್ತು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚು ಒಳ್ಳೆಯ ಜಾಗ.

ಸಿಗಡಿಗೆ ರಿಂಗ್ ಬಲೆ ಸುಮ್ನೆ. ಅದಕ್ಕೆ ಸಣ್ಣ ಕಣ್ಣಿನ ಬೀಸುಬಲೆಯೇ ಸರಿ. ಆದರೆ ಕೂತು ಬೀಸಿದರೆ ಬಲೆ ಪೂರ್ತಿ ಅರಳುವುದಿಲ್ಲ, ನಿಂತರೆ ಕಯಾಕ್ ವಾಲುತ್ತದೆ. ಒದ್ದೆ ಬಲೆ, ಅಂಚಿನ ಸೀಸದ ಗುಂಡು, ಎಲ್ಲಾ ಭಾರ ಒಂದೇ ಕಡೆ ಅಲ್ವಾ? ಹಗ್ಗ ಮಣಿಕಟ್ಟಿಗೆ ಬಿಗಿದಿರುವಾಗ ಬಲೆ ನೀರೊಳಗಿನ ಕೊರಡಿಗೆ ಸಿಕ್ಕಿಕೊಂಡರಂತೂ ಅಪಾಯ. ಮರಳ ದಿಬ್ಬಕ್ಕೆ ಕಯಾಕ್ ಹಚ್ಚಿ, ಆಳವಿಲ್ಲದ ನೀರಲ್ಲಿ ನಿಂತು ಬೀಸಿ.

ಲಾಬ್‌ಸ್ಟರ್ ಇರುವುದು ಕಡಲ ಬಂಡೆಗಳ ಸಂದಿಯಲ್ಲಿ. ಅಲೆ ಬಡಿಯುವ ಆ ಜಾಗಕ್ಕೆ ಹೊಸಬರು ಹೋಗುವುದೇ ಬೇಡ.

ಮೊದಲ ಸಲಕ್ಕೆ ನನ್ನ ಆಯ್ಕೆ ಎರಡು ರಿಂಗ್ ಬಲೆ, ಜೊತೆಗೆ ಮುಚ್ಚಳವಿರುವ ಬಕೆಟ್. ಕೆಸರೇಡಿಯ ಕೊಂಬು, ಅಂದರೆ ಇಕ್ಕಳದಂಥ ಮುಂಗಾಲು, ಬೆರಳು ಮುರಿಯುವಷ್ಟು ಗಟ್ಟಿ, ಕಾಲ ಬಳಿ ಬಿಡಬೇಡಿ. ಹೊಟ್ಟೆಯಡಿ ಮೊಟ್ಟೆ ಗೊಂಚಲಿದ್ದರೆ ಅಲ್ಲೇ ನೀರಿಗೆ ಬಿಟ್ಟುಬಿಡಿ.