ಶೆರ್ಲಾಕ್ ಮೊದಲೋ, ಗ್ರೀನ್‌ಲೀಫ್ ಮೊದಲೋ?

ಯೇಸುವಿನ ಪುನರುತ್ಥಾನವನ್ನು ನ್ಯಾಯಾಲಯದ ತರ್ಕದಿಂದ ಸಮರ್ಥಿಸುವ ಬರಹಗಳಲ್ಲಿ ಯಾವುದನ್ನು ಮೊದಲು ಓದಬೇಕು ಎನ್ನುವವರಿಗೆ ನನ್ನ ಉತ್ತರ: ಥಾಮಸ್ ಶೆರ್ಲಾಕ್. 1729ರ ತಮ್ಮ ಪುಸ್ತಕದ ಕಾಲ್ಪನಿಕ ವಿಚಾರಣೆಯಲ್ಲಿ ಈ ಇಂಗ್ಲಿಷ್ ಬಿಷಪ್ ಯೇಸುವಿನ ಶಿಷ್ಯರಾದ ಅಪೊಸ್ತಲರನ್ನೇ ಕಟಕಟೆಗೆ ತಂದರು. ಆರೋಪ, ಸುಳ್ಳು ಸಾಕ್ಷ್ಯ. ವಕೀಲರ ವಾದ-ಪ್ರತಿವಾದ, ನ್ಯಾಯಾಧೀಶರ ಮಾತು, ಕೊನೆಗೆ ಜ್ಯೂರಿಯ ‘ನಿರ್ದೋಷಿಗಳು’ ಎಂಬ ತೀರ್ಪು. ಎದುರಾಳಿಯ ಆಕ್ಷೇಪಗಳೂ ಇಲ್ಲಿ ಗಟ್ಟಿಯಾಗಿ ಕೇಳಿಸುತ್ತವೆ, ಅದಕ್ಕೇ ನನಗಿದು ಇಷ್ಟ.

ಹಾರ್ವರ್ಡ್‌ನ ಕಾನೂನು ಪ್ರಾಧ್ಯಾಪಕ ಸೈಮನ್ ಗ್ರೀನ್‌ಲೀಫ್ 1846ರಲ್ಲಿ ಹಿಡಿದದ್ದು ಬೇರೆ ದಾರಿ. ಹಳೆಯ ದಸ್ತಾವೇಜು ಸರಿಯಾದ ಸುಪರ್ದಿನಿಂದ ಬಂದು, ನಕಲಿಯ ಗುರುತಿಲ್ಲದಿದ್ದರೆ ಅಸಲಿಯೆಂದೇ ಭಾವಿಸಬೇಕೆಂಬ ನಿಯಮವನ್ನು ಅವರು ಸುವಾರ್ತೆಗಳಿಗೆ, ಅಂದರೆ ಯೇಸುವಿನ ಬದುಕನ್ನು ಹೇಳುವ ಬೈಬಲ್ ಪುಸ್ತಕಗಳಿಗೆ, ಅನ್ವಯಿಸಿದರು. ಸಾಕ್ಷಿಗಳ ಪ್ರಾಮಾಣಿಕತೆಯನ್ನೂ ಹೇಳಿಕೆಗಳ ಹೊಂದಿಕೆಯನ್ನೂ ತೂಗಿದರು. ವಕೀಲರಿಗೆ ಇದೇ ರುಚಿಸೀತು. ಆದರೂ ಪಾಟೀಸವಾಲಿಗೆ ಆ ಸಾಕ್ಷಿಗಳೇ ಎದುರಿಗಿಲ್ಲ ಎಂಬ ಕೊರತೆ, ನಂಬುವ ನನ್ನನ್ನೂ ಕಾಡುತ್ತದೆ.