20, 41, 55 ಲೀಟರ್: ಒಂದೇ ಸಬ್‌ವೂಫರ್, ಮೂರು ಬಾಕ್ಸ್

ಕಾರಿನ ಸಬ್‌ವೂಫರ್ (ಬೇಸ್‌ಗೆಂದೇ ಇರುವ ಸ್ಪೀಕರ್) ಎಷ್ಟು ಇಂಚು ಅಂತ ಕೇಳಿ, ಅದನ್ನು ಕೂರಿಸುವ ಬಾಕ್ಸಿನ ಅಳತೆ ಹೇಳಿಬಿಡುವವರು ತುಂಬಾ ಜನ ಇದ್ದಾರೆ. ಆದರೆ 12 ಇಂಚಿನ ಎರಡು ಬೇರೆ ಬೇರೆ ಸ್ಪೀಕರ್ ತಗೊಂಡರೆ, ಒಂದಕ್ಕೆ ಬೇಕಾದ ಜಾಗ ಇನ್ನೊಂದರ ದುಪ್ಪಟ್ಟು ಇರಬಹುದು. ಸ್ಪೀಕರ್ ಜೊತೆ ಬರುವ ಹಾಳೆಯಲ್ಲಿ ಮೂರು ಅಂಕಿ ಇರುತ್ತವೆ: ಎಫ್ಎಸ್ (ಬಾಕ್ಸ್ ಇಲ್ಲದೆ ಸ್ಪೀಕರ್ ತಾನಾಗಿ ಅದುರುವ ಹರ್ಟ್ಜ್), ಕ್ಯೂಟಿಎಸ್ (ಆ ಅದುರಾಟಕ್ಕೆ ಸ್ಪೀಕರಿನದೇ ಹಿಡಿತ ಎಷ್ಟು ಅನ್ನುವ ಅಂಕಿ), ವಿಎಎಸ್ (ಸ್ಪೀಕರಿನಷ್ಟೇ ಸ್ಪ್ರಿಂಗ್ ಗುಣ ತೋರುವ ಗಾಳಿಯ ಲೀಟರ್). ಇವಕ್ಕೆ ಥೀಲ್-ಸ್ಮಾಲ್ ಅಂಕಿಗಳು ಅಂತ ಹೆಸರು. ಬಾಕ್ಸಿನ ಲೆಕ್ಕವೆಲ್ಲ ಇಲ್ಲಿಂದಲೇ ಶುರು.

ನನ್ನ 12 ಇಂಚಿನ ಸಬ್‌ವೂಫರ್‌ನ ಅಂಕಿಗಳು ಹೀಗಿವೆ: ಎಫ್ಎಸ್ 28 ಹರ್ಟ್ಜ್, ಕ್ಯೂಟಿಎಸ್ 0.45, ವಿಎಎಸ್ 60 ಲೀಟರ್. ಕಾರು, ಆಂಪ್, ಹಾಡುಗಳು ಯಾವುದನ್ನೂ ಬದಲಿಸದೆ ಇದನ್ನು ಮೂರು ಬಾಕ್ಸ್‌ಗಳಲ್ಲಿ ಕೂರಿಸಿ ಕೇಳಿದೆ. ಎರಡು ಸೀಲ್ಡ್ (ಪೂರ್ತಿ ಮುಚ್ಚಿದ್ದು), ಒಂದು ಪೋರ್ಟೆಡ್ (ಗಾಳಿ ಓಡಾಡಲು ಪೈಪ್ ಇರುವುದು).

ಸೀಲ್ಡ್ ಬಾಕ್ಸಿನ ಲೆಕ್ಕಕ್ಕೆ ಒಂದು ಕ್ಯಾಲ್ಕುಲೇಟರ್ ಸಾಕು. ಮೊದಲು ಕ್ಯೂಟಿಸಿ ಎಷ್ಟು ಬೇಕು ಅಂತ ತೀರ್ಮಾನ ಮಾಡಿಕೊಳ್ಳಿ. ಸ್ಪೀಕರ್ ಬಾಕ್ಸ್ ಒಳಗೆ ಕೂತ ಮೇಲೆ ಅದರ ಕೋನ್‌ಗೆ (ಹಿಂದೆ ಮುಂದೆ ಅಲುಗಾಡುವ ಭಾಗಕ್ಕೆ) ಎಷ್ಟು ಹಿಡಿತ ಇರುತ್ತದೆ ಅನ್ನುವುದನ್ನು ಈ ಅಂಕಿ ಹೇಳುತ್ತದೆ. 0.7 ಇದ್ದರೆ ಬೇಸ್ ಸಮವಾಗಿರುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಒಂದು ಕಡೆ ಉಬ್ಬು ಬರುತ್ತದೆ. ಈ ಕ್ಯೂಟಿಸಿಯನ್ನು ಕ್ಯೂಟಿಎಸ್‌ನಿಂದ ಭಾಗಿಸಿ, ವರ್ಗ ಮಾಡಿ, ಅದರಲ್ಲಿ 1 ಕಳೆಯಿರಿ. ಬಂದ ಅಂಕಿಯಿಂದ ವಿಎಎಸ್ ಅನ್ನು ಭಾಗಿಸಿದರೆ ಬಾಕ್ಸಿನ ಲೀಟರ್ ಸಿಗುತ್ತದೆ. ನನ್ನ ಸ್ಪೀಕರ್‌ಗೆ 0.707 ಹಾಕಿದರೆ ಸುಮಾರು 41 ಲೀಟರ್. 0.9 ಹಾಕಿದರೆ ಸರಿಯಾಗಿ 20 ಲೀಟರ್.

20 ಲೀಟರ್ ಬಾಕ್ಸ್ ಮೊದಲ ಹಾಡಿಗೇ ಮನಸ್ಸು ಗೆದ್ದುಬಿಡುತ್ತದೆ. ಡಿಕ್ಕಿಯಲ್ಲಿ ಒಂದು ಮೂಲೆ ಸಾಕು. ಕಿಕ್ ಡ್ರಮ್ ಎದೆಗೇ ಬಡಿಯುತ್ತದೆ. 60 ಹರ್ಟ್ಜ್‌ನಿಂದ ಮೇಲೆ ಒಂದು ಸಣ್ಣ ಉಬ್ಬು ಇದೆ. ಲೆಕ್ಕದಲ್ಲಿ ಅದು 0.7 ಡೆಸಿಬೆಲ್ ಮಾತ್ರ, ಆದರೂ ಕಿವಿಗೆ ಗೊತ್ತಾಗುತ್ತದೆ, ಯಾಕೆಂದರೆ ಅದರ ಕೆಳಗೆ ಬೇಸ್ ಬೇಗ ಇಳಿದುಹೋಗುತ್ತದೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್. ಆ ಸ್ವರ ಬಂದಾಗ ಯಾರೋ ವಾಲ್ಯೂಮ್ ಕಡಿಮೆ ಮಾಡಿದ ಹಾಗೆ ಅನ್ನಿಸಿತು. ಒಂದು ಗಂಟೆ ಕೇಳಿದ ಮೇಲೆ ಎಲ್ಲಾ ಹಾಡೂ ಒಂದೇ ಸ್ವರದಲ್ಲಿ ಗುದ್ದುತ್ತಿದೆ ಅನ್ನುವ ಬೇಜಾರು.

41 ಲೀಟರ್‌ಗೆ ಬಂದಾಗ ಮೊದಲು ಅನ್ನಿಸಿದ್ದು 'ಏನಿದು, ಶಬ್ದ ಕಡಿಮೆ ಆಯ್ತಲ್ಲಾ' ಅಂತ. ಉಬ್ಬು ಹೋಗಿತ್ತು, ಅಷ್ಟೇ. ಗಿಟಾರಿನ ಕೆಳಗಿನ ಸ್ವರಗಳು ಈಗ ಒಂದೊಂದಾಗಿ ಬೇರೆ ಬೇರೆ ಕೇಳಿಸಿದವು.

ಇಲ್ಲಿ ಕಾರಿನ ಪಾತ್ರ ದೊಡ್ಡದು. ಮನೆಯ ಕೋಣೆಯಲ್ಲಿ ಸೀಲ್ಡ್ ಬಾಕ್ಸಿನ ಶಬ್ದ ಒಂದು ಹಂತದ ಕೆಳಗೆ ಆಕ್ಟೇವ್‌ಗೆ, ಅಂದರೆ ಹರ್ಟ್ಜ್ ಅರ್ಧವಾದಾಗಲೆಲ್ಲ, 12 ಡೆಸಿಬೆಲ್‌ನಂತೆ ಇಳಿಯುತ್ತದೆ. ಕಾರಿನ ಒಳಗೆ ಹಾಗಲ್ಲ. ಶಬ್ದದ ಅಲೆಯ ಅರ್ಧ ಉದ್ದ ಕ್ಯಾಬಿನ್ನಿನ ಉದ್ದವನ್ನು ಮೀರಿದಾಗ, ಅಂದರೆ ಸುಮಾರು 60 ಹರ್ಟ್ಜ್‌ನಿಂದ ಕೆಳಗೆ, ಮುಚ್ಚಿದ ಕ್ಯಾಬಿನ್ ತಾನೇ ಬೇಸ್ ಏರಿಸುತ್ತಾ ಹೋಗುತ್ತದೆ. ಪುಸ್ತಕದ ಲೆಕ್ಕದಲ್ಲಿ ಈ ಏರಿಕೆಯೂ ಆಕ್ಟೇವ್‌ಗೆ 12 ಡೆಸಿಬೆಲ್. ಇಳಿತಕ್ಕೂ ಏರಿಕೆಗೂ ವಜಾ ಆಗಿಬಿಡುತ್ತದೆ! ನಿಜವಾದ ಕಾರಿನಲ್ಲಿ ಗಾಳಿ ಸೋರುತ್ತದೆ, ತಗಡು ಅದುರುತ್ತದೆ, ಹಾಗಾಗಿ ಅಷ್ಟು ಪೂರ್ತಿ ಸಿಗುವುದಿಲ್ಲ. ಸಿಕ್ಕಷ್ಟೇ ಸಾಕು. ಕಿಟಕಿ ಇಳಿಸಿ ನೋಡಿ, ಕೆಳಗಿನ ಬೇಸ್ ತಕ್ಷಣ ತೆಳ್ಳಗಾಗುತ್ತದೆ.

ಪೋರ್ಟೆಡ್ ಬಾಕ್ಸ್ 55 ಲೀಟರ್, ಟ್ಯೂನಿಂಗ್ (ಪೈಪಿನ ಗಾಳಿ ತಾನಾಗಿ ಅದುರುವ ಹರ್ಟ್ಜ್) 34 ಹರ್ಟ್ಜ್. 10 ಸೆಂಟಿಮೀಟರ್ ವ್ಯಾಸದ ಒಂದು ಪೈಪಿಗೆ ಉದ್ದ ಸುಮಾರು 30 ಸೆಂಟಿಮೀಟರ್ ಬಂತು. ಜೋರು ಅಂದರೆ ಇದೇ, ಅದರಲ್ಲಿ ಎರಡು ಮಾತಿಲ್ಲ. ಅದೇ ಆಂಪ್‌ನಲ್ಲಿ ಹಿಂದಿನ ಕನ್ನಡಿಯೊಳಗಿನ ರಸ್ತೆ ಮಸುಕಾಗುವಷ್ಟು ಅದುರಿತು. ಆದರೆ ವಾಲ್ಯೂಮ್ ಏರಿಸಿದಾಗ ಪೈಪಿನಿಂದ ಬುಸ್ ಬುಸ್ ಅನ್ನುವ ಗಾಳಿ ಸದ್ದು ಶುರುವಾಯಿತು. ಇನ್ನೊಂದು ಪೈಪ್ ಹಾಕಿದರೆ ಸರಿ ಹೋಗುತ್ತದೆ ಅಲ್ವಾ? ಅಲ್ಲೇ ಇರುವುದು ತೊಡಕು. ಎರಡು ಪೈಪ್ ಹಾಕಿ 34 ಹರ್ಟ್ಜ್ ಹಾಗೇ ಇರಬೇಕಾದರೆ ಪ್ರತಿ ಪೈಪೂ ಸುಮಾರು 67 ಸೆಂಟಿಮೀಟರ್ ಉದ್ದ ಬೇಕು. ಅಷ್ಟುದ್ದದ ಪೈಪ್ ನೇರವಾಗಿ ಆ ಬಾಕ್ಸ್ ಒಳಗೆ ಹಿಡಿಯುವುದೇ ಇಲ್ಲ.

ಪೋರ್ಟೆಡ್‌ಗೆ ಇನ್ನೊಂದು ಕಟ್ಟುಪಾಡು ಇದೆ. ಟ್ಯೂನಿಂಗ್‌ಗಿಂತ ಕೆಳಗಿನ ಸ್ವರಗಳಲ್ಲಿ ಒಳಗಿನ ಗಾಳಿ ಕೋನನ್ನು ಹಿಡಿದುಕೊಳ್ಳುವುದಿಲ್ಲ. ಕೋನ್ ಅಂಕೆಯಿಲ್ಲದೆ ಓಡಾಡುತ್ತದೆ, ಸ್ಪೀಕರ್ ಹಾಳಾಗುವುದು ಹೀಗೇ. ಆಂಪ್‌ನಲ್ಲಿ ಸಬ್‌ಸಾನಿಕ್ ಫಿಲ್ಟರ್ (ತೀರಾ ಕೆಳಗಿನ ಸ್ವರಗಳನ್ನು ತಡೆಯುವ ವ್ಯವಸ್ಥೆ) ಇಲ್ಲದಿದ್ದರೆ ಪೋರ್ಟೆಡ್ ಆಸೆ ಬಿಡುವುದು ಒಳ್ಳೆಯದು. ಇದ್ದರೆ 28ರಿಂದ 30 ಹರ್ಟ್ಜ್ ಹತ್ತಿರ ಇಡಿ.

ಅಳತೆ ಬಗ್ಗೆ ಒಂದು ಮಾತು. ಲೀಟರ್ ಲೆಕ್ಕ ಯಾವಾಗಲೂ ಒಳ ಅಳತೆಯದು. ನನ್ನ 41 ಲೀಟರ್ ಬಾಕ್ಸಿನ ಒಳಗೆ 45, 35, 28 ಸೆಂಟಿಮೀಟರ್, ಅಂದರೆ 44.1 ಲೀಟರ್. ಅದರಲ್ಲಿ ಸ್ಪೀಕರಿನ ಮ್ಯಾಗ್ನೆಟ್ ಮತ್ತು ಬುಟ್ಟಿಗೆ (ಅದರ ಚೌಕಟ್ಟಿಗೆ) 2.5 ಲೀಟರ್, ಅಡ್ಡಪಟ್ಟಿಗೆ 0.7 ಲೀಟರ್ ಹೋದವು. ಇದೇ ಬಾಕ್ಸನ್ನು 18 ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆ ಸೇರಿಸಿ ಹೊರಗಿನಿಂದ ಅಳೆದರೆ 59 ಲೀಟರ್ ಬರುತ್ತದೆ! ಪೋರ್ಟೆಡ್ ಆದರೆ ಪೈಪ್ ತಿನ್ನುವ ಜಾಗವನ್ನೂ ಕಳೆಯಬೇಕು, ಇಲ್ಲಿ ಅದು ಸುಮಾರು 3 ಲೀಟರ್.

ಹಾಗಂತ ಸೀಲ್ಡ್‌ನಲ್ಲಿ ಒಂದೊಂದು ಲೀಟರ್‌ಗೂ ತಲೆ ಕೆಡಿಸಿಕೊಳ್ಳಬೇಡಿ. 41ರ ಜಾಗದಲ್ಲಿ 37 ಆದರೂ ಕ್ಯೂಟಿಸಿ 0.71ರಿಂದ 0.73ಕ್ಕೆ ಹೋಗುತ್ತದೆ, ಅಷ್ಟೇ. ಯಾವ ಕಿವಿಗೂ ಗೊತ್ತಾಗದು. ಪೋರ್ಟೆಡ್ ಇಷ್ಟು ಉದಾರಿಯಲ್ಲ. 6 ಲೀಟರ್ ಕಡಿಮೆ ಆದರೆ ಟ್ಯೂನಿಂಗ್ 34ರಿಂದ 36ಕ್ಕೆ ಏರುತ್ತದೆ.

ಹೋಲಿಸುವಾಗ 20ರಿಂದ 80 ಹರ್ಟ್ಜ್‌ವರೆಗೆ ಟೋನ್ ಹಾಕಿ ಫೋನಿನ ಆ್ಯಪ್‌ನಲ್ಲಿ ಡೆಸಿಬೆಲ್ ನೋಡಿದೆ. ಫೋನಿನ ಮೈಕ್ ತೀರಾ ಕೆಳಗಿನ ಬೇಸನ್ನು ಕಡಿಮೆ ತೋರಿಸುತ್ತದೆ, ಆ ಅಂಕಿಯನ್ನು ನಂಬಬಾರದು. ಫೋನನ್ನು ಒಂದೇ ಜಾಗದಲ್ಲಿ ಇಟ್ಟರೆ ಎರಡು ಬಾಕ್ಸ್‌ಗಳ ನಡುವಿನ ವ್ಯತ್ಯಾಸ ಮಾತ್ರ ಚೆನ್ನಾಗಿ ಸಿಗುತ್ತದೆ.

ನನ್ನ ಕಾರಿನಲ್ಲಿ ಉಳಿದಿರುವುದು 41 ಲೀಟರ್ ಸೀಲ್ಡ್. ನಿಮಗೆ ಜೋರೇ ಮುಖ್ಯ, ಡಿಕ್ಕಿ ಪೂರ್ತಿ ಬಿಟ್ಟುಕೊಡಬಹುದು ಅಂತಾದರೆ ಸುಮ್ನೆ ಪೋರ್ಟೆಡ್ ಕಟ್ಟಿ. 20 ಲೀಟರ್‌ಗೆ ಮಾತ್ರ ಜಾಗ ಇದ್ದರೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ಬಾಕ್ಸ್ ತುಂಬಾ ಹರಡಿ. ಬಾಕ್ಸ್ 24 ಲೀಟರ್ ಇದ್ದಂತೆ ನಡೆದುಕೊಳ್ಳುತ್ತದೆ, ಕ್ಯೂಟಿಸಿ 0.84ರ ಹತ್ತಿರ ಇಳಿಯುತ್ತದೆ. ಆಮೇಲೆ ಈಕ್ವಲೈಸರ್‌ನಲ್ಲಿ 60-80 ಹರ್ಟ್ಜ್ ನಡುವೆ ಒಂದೆರಡು ಡೆಸಿಬೆಲ್ ಇಳಿಸಿ.